ಹೆದರಿಸದ ಹಾರರ್ ಕಾಮಿಕ್ಸ್‌ಗೆ ಇಷ್ಟೊಂದು ಅಭಿಮಾನಿಗಳು ಯಾಕೆ?

ಪ್ರಶ್ನೆ: 1970ರ ದಶಕದ ಅಮೆರಿಕದ ಗಾಥಿಕ್ ರೊಮ್ಯಾನ್ಸ್ (ಹಳೇ ಬಂಗಲೆ, ರಹಸ್ಯ, ಪ್ರೇಮ ಬೆರೆತ) ಕಾಮಿಕ್ಸ್ ಓದಿದೆ. ದೆವ್ವ ಬರೋದೇ ಅಪರೂಪ, ಬಂದರೂ ಭಯ ಆಗಲ್ಲ. ಆದರೂ ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಂಥದ್ದೇನಿದೆ ಅದರಲ್ಲಿ?

ಉತ್ತರ: ನೀವು ದೆವ್ವಕ್ಕಾಗಿ ಕಾದಿದ್ದೀರಿ, ಅದಕ್ಕೇ ಭಯ ಸಿಕ್ಕಿಲ್ಲ. ಈ ಕಥೆಗಳಲ್ಲಿ ಹೆದರಿಕೆ ಹುಟ್ಟಿಸುವವನು ನಾಯಕನೇ.

ಕಥೆ ಹೆಚ್ಚುಕಮ್ಮಿ ಒಂದೇ ಥರ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ ಕೆಲಸಕ್ಕೋ, ಮದುವೆಯಾಗಿಯೋ ಒಂದು ದೊಡ್ಡ ಬಂಗಲೆಗೆ ಬರುತ್ತಾಳೆ. ಯಜಮಾನ ಚೆಲುವ, ಮಾತು ಕಡಿಮೆ. ಅವನ ಮೊದಲ ಹೆಂಡತಿ ಹೇಗೆ ಸತ್ತಳು ಅಂತ ಯಾರೂ ಬಾಯಿ ಬಿಡುವುದಿಲ್ಲ. ಒಂದು ಕೋಣೆಗೆ ಸದಾ ಬೀಗ. ಹುಡುಗಿಗೆ ಅವನ ಮೇಲೆ ಮನಸ್ಸಾಗುತ್ತದೆ, ಅನುಮಾನವೂ ಜೊತೆಗೇ ಬೆಳೆಯುತ್ತದೆ. ಇವನು ನನ್ನನ್ನು ಕಾಪಾಡುವವನಾ, ಕೊಲ್ಲುವವನಾ? ದೆವ್ವವಾದರೆ ಬಿಟ್ಟು ಓಡಬಹುದು. ಪ್ರೀತಿಸಿದವನ ಮೇಲೇ ಅನುಮಾನ ಬಂದರೆ ಎಲ್ಲಿಗೆ ಓಡುವುದು? ಗುರುತುಪರಿಚಯ ಇಲ್ಲದ ಮನೆಗೆ ಸೊಸೆಯಾಗಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ಆ ಮುಖಪುಟಗಳು! ರಾತ್ರಿ, ಗಾಳಿ, ಉದ್ದನೆ ನಿಲುವಂಗಿ ತೊಟ್ಟು ಓಡುತ್ತಿರುವ ಹೆಣ್ಣು. ಹಿಂದೆ ಕಪ್ಪಗೆ ನಿಂತ ಮನೆ, ಒಂದೇ ಒಂದು ಕಿಟಕಿಯಲ್ಲಿ ದೀಪ. ಅವಳ ಕಾಲು ಮುಂದಕ್ಕೆ ಓಡುತ್ತಿದ್ದರೂ ಕಣ್ಣು ಮಾತ್ರ ಆ ಮನೆ ಕಡೆಗೇ. ಬಿಟ್ಟು ಹೋಗಬೇಕು, ಬಿಡಲೂ ಮನಸ್ಸಿಲ್ಲ. ಇಡೀ ಕಥೆ ಆ ಒಂದು ತಿರುಗಿದ ಕತ್ತಿನಲ್ಲಿದೆ. 1960ರ ದಶಕದ ಗಾಥಿಕ್ ಕಾದಂಬರಿಗಳ ಮುಖಪುಟದಿಂದ ಬಂದ ಚಿತ್ರ ಇದು.

ರಕ್ತ, ಹೆಣ ಜಾಸ್ತಿ ಕಾಣದಿರುವುದಕ್ಕೆ ಬೇರೆ ಕಾರಣವಿದೆ. ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿಯಾದ 1954ರ ಕಾಮಿಕ್ಸ್ ಕೋಡ್ ಪ್ರಕಾರ ಪುಸ್ತಕದ ಹೆಸರಿನಲ್ಲಿ 'ಹಾರರ್' ಎಂಬ ಪದವನ್ನೇ ಬಳಸುವಂತಿರಲಿಲ್ಲ. 1971ರಲ್ಲಿ ನಿಯಮ ಸಡಿಲವಾಗಿ ರಕ್ತಪಿಶಾಚಿಗಳಿಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ 'ಡಾರ್ಕ್ ಶಾಡೋಸ್' ಟೀವಿ ಧಾರಾವಾಹಿ (1966–71) ಹಳೇ ಬಂಗಲೆ, ಶಾಪ, ಪ್ರೇಮದ ರುಚಿ ಹತ್ತಿಸಿತ್ತು. 1971ರಲ್ಲೇ ಡಿಸಿ ಕಂಪನಿ 'ದ ಡಾರ್ಕ್ ಮ್ಯಾನ್ಶನ್ ಆಫ್ ಫರ್ಬಿಡನ್ ಲವ್' ಮತ್ತು 'ದ ಸಿನಿಸ್ಟರ್ ಹೌಸ್ ಆಫ್ ಸೀಕ್ರೆಟ್ ಲವ್' ಶುರು ಮಾಡಿತು. ಎರಡೂ ಪತ್ರಿಕೆಗಳು ನಾಲ್ಕೇ ಸಂಚಿಕೆಗೆ ಹೆಸರು ಬದಲಿಸಿ, ಪ್ರೇಮವನ್ನು ಕೈಬಿಟ್ಟು ಮಾಮೂಲಿ ದೆವ್ವದ ಕಥೆಗಳಿಗೆ ಇಳಿದವು. ನನ್ನ ಪ್ರಕಾರ ಅದು ದೊಡ್ಡ ನಷ್ಟ. ದೆವ್ವದ ಕಥೆಗಳು ಆಗ ಬೇಕಾದಷ್ಟಿದ್ದವು, ಇಂಥವು ಅಪರೂಪ. ಇದೇ ಬಗೆಯ ಇನ್ನೊಂದು, ಚಾರ್ಲ್ಟನ್ ಕಂಪನಿಯ 'ಹಾಂಟೆಡ್ ಲವ್', 1973ರಿಂದ 75ರವರೆಗೆ 11 ಸಂಚಿಕೆ ಬಂತು.

ಎಲ್ಲಿಂದ ಶುರು ಮಾಡುವುದು ಅಂದರೆ, 'ಸಿನಿಸ್ಟರ್ ಹೌಸ್'ನ ಮೂರನೇ ಸಂಚಿಕೆ ಹುಡುಕಿ. ಅಲೆಕ್ಸ್ ಟಾಥ್ ಬರೆದ ಚಿತ್ರಗಳು ಅದರಲ್ಲಿವೆ. ಕಪ್ಪು ಮಸಿಯನ್ನು ಧಾರಾಳವಾಗಿ ಸುರಿದು, ಏನನ್ನು ತೋರಿಸಬಾರದೋ ಅದನ್ನು ಕತ್ತಲಲ್ಲೇ ಬಿಡುವ ಕಲಾವಿದ ಆತ. ಈ ಸಲ ದೆವ್ವಕ್ಕೆ ಕಾಯಬೇಡಿ. ಆ ಗಂಡಸಿನ ಮುಖದ ಮೇಲೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ನೋಡುತ್ತಾ ಓದಿ.