ಹಳೇ ಆಸ್ಪತ್ರೆ ಬಿಲ್ಲು: ಫೋನಿನಲ್ಲೇ ದುಡ್ಡು ಕಟ್ಟಬೇಡಿ

ಅಮೆರಿಕದಲ್ಲಿರುವ ನಮ್ಮ ಜನ ಐದು ಡಾಲರ್ ಉಳಿಸಲು ಮೂರು ಅಂಗಡಿ ಸುತ್ತುತ್ತಾರೆ. ಅದೇ ಜನ, ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಯಿಂದ ಒಂದು ಫೋನ್ ಬಂದರೆ ಸಾಕು, ಯಾವ ಬಿಲ್ಲು, ಯಾವ ವರ್ಷದ್ದು ಅಂತಲೂ ಕೇಳದೆ ಕಾರ್ಡ್ ನಂಬರ್ ಓದಿಬಿಡುತ್ತಾರೆ. ಆಮೇಲೆ ನನಗೆ ಫೋನ್: "ಸುಮ್ನೆ ಐವತ್ತು ಡಾಲರ್ ಕಟ್ಟಿದೆ, ಪೀಡೆ ತೊಲಗಲಿ ಅಂತ. ಸರಿ ಮಾಡಿದೆ ಅಲ್ವಾ?"

ಇಲ್ಲ. ಮೆಡಿಕಲ್ ಬಿಲ್ಲಿಂಗ್ ಕೆಲಸದಲ್ಲೇ ತಲೆ ನರೆತ ನನಗೆ ಆ ಐವತ್ತು ಡಾಲರಿನ ಮಾತು ಕೇಳಿದರೆ ಮೈ ಉರಿಯುತ್ತದೆ. ಹಳೇ ಬಾಕಿಗೆ ನಿಮ್ಮ ಮೇಲೆ ಕೋರ್ಟಿಗೆ ಹೋಗಲು ಪ್ರತಿ ರಾಜ್ಯದಲ್ಲೂ ಗಡುವಿದೆ. ನ್ಯೂಯಾರ್ಕಿನಲ್ಲಿ ಆಸ್ಪತ್ರೆ, ಡಾಕ್ಟರ ಬಾಕಿಗೆ 3 ವರ್ಷ. ಎಷ್ಟೋ ಕಡೆ ಜಾಸ್ತಿ. ಕೆಲವು ರಾಜ್ಯಗಳಲ್ಲಿ ನೀವು ಒಂದಿಷ್ಟು ಕಟ್ಟಿದರೆ ಆ ಗಡುವು ಮತ್ತೆ ಮೊದಲಿಂದ ಶುರು. ಮುಗಿದುಹೋಗಿದ್ದ ಕಥೆಗೆ ನೀವೇ ಜೀವ ತುಂಬಿದಿರಿ.

ಮಾಡಬೇಕಾದದ್ದು ಇಷ್ಟೇ. ಏಜೆನ್ಸಿ ಮೊದಲ ಸಲ ಸಂಪರ್ಕಿಸಿದ 5 ದಿನದೊಳಗೆ ನಿಮಗೆ ವ್ಯಾಲಿಡೇಶನ್ ನೋಟಿಸ್, ಅಂದರೆ ಯಾರಿಗೆ ಎಷ್ಟು ಬಾಕಿ ಅಂತ ತಿಳಿಸುವ ಪತ್ರ, ಕಳಿಸಬೇಕು. ಅದು ಕೈಸೇರಿದ 30 ದಿನದೊಳಗೆ ನೀವು ಬರೆದು ತಕರಾರು ಹಾಕಿದರೆ, ಪುರಾವೆ ಕಳಿಸುವ ತನಕ ಅವರು ವಸೂಲಿ ನಿಲ್ಲಿಸಲೇಬೇಕು. ಬರೆದು. ಮತ್ತೆ ಹೇಳುತ್ತೇನೆ, ಬರೆದು. ಫೋನಿನಲ್ಲಿ ಎಷ್ಟು ಜಗಳ ಆಡಿದರೂ ಈ ರಕ್ಷಣೆ ಸಿಗುವುದಿಲ್ಲ. ನೋಟಿಸಿನ ಕೆಳಗೆ ಸಾಮಾನ್ಯವಾಗಿ ಹರಿದು ಕಳಿಸುವ ಚೀಟಿಯೇ ಇರುತ್ತದೆ. ‘ಇದು ನನ್ನ ಸಾಲವಲ್ಲ’, ‘ಮೊತ್ತ ತಪ್ಪಾಗಿದೆ’ ಅಂತ ಪುಟ್ಟ ಚೌಕಗಳು. ಟಿಕ್ ಹಾಕಿ, ಫೋಟೊ ತೆಗೆದಿಟ್ಟುಕೊಂಡು, ಸರ್ಟಿಫೈಡ್ ಮೇಲ್‌ನಲ್ಲಿ (ಕಳಿಸಿದ್ದಕ್ಕೆ ರಸೀದಿ ಸಿಗುವ ಅಂಚೆ) ಕಳಿಸಿ. ದಿನವಿಡೀ ಸಾಫ್ಟ್‌ವೇರ್ ಬರೆಯುವವರಿಗೆ ಒಂದು ಟಿಕ್ ಹಾಕಲು ಏನು ಕಷ್ಟವೋ ಕಾಣೆ!

ಕಷ್ಟ ಅಲ್ಲ, ಭಯ. ಎಚ್‌-1ಬಿ ಕೆಲಸದ ವೀಸಾ ಹೋಗುತ್ತೆ, ಗ್ರೀನ್ ಕಾರ್ಡ್ ನಿಲ್ಲುತ್ತೆ ಅಂತ. ಇದು ಸಿವಿಲ್ ವಿಷಯ, ಅಪರಾಧವಲ್ಲ. ಬಾಕಿಗಾಗಿ ಜೈಲಿಗೆ ಹಾಕಿಸುತ್ತೇವೆ ಅಂತ ಏಜೆನ್ಸಿ ಹೆದರಿಸಿದರೆ ಕಾನೂನು ಮುರಿದವರು ಅವರೇ. ಇನ್ನು ಕ್ರೆಡಿಟ್ ಸ್ಕೋರ್. 500 ಡಾಲರಿಗಿಂತ ಕಡಿಮೆಯ ಆಸ್ಪತ್ರೆ ಬಾಕಿಯನ್ನು ಮೂರು ದೊಡ್ಡ ಕ್ರೆಡಿಟ್ ಬ್ಯೂರೋಗಳು 2023ರ ಏಪ್ರಿಲ್‌ನಿಂದ ರಿಪೋರ್ಟಿನಲ್ಲಿ ತೋರಿಸುತ್ತಿಲ್ಲ.

ದಾವಣಗೆರೆ ಕಡೆಯ ಒಬ್ಬ ಹುಡುಗ. ನ್ಯೂಜೆರ್ಸಿಯಲ್ಲಿ ಹೆಂಡತಿಯ ಹೆರಿಗೆ, ಅದೇ ತಿಂಗಳು ಹೊಸ ಕೆಲಸ, ಹೊಸ ಇನ್ಶೂರೆನ್ಸ್. ಆಮೇಲೆ ಟೆಕ್ಸಸ್‌ಗೆ ಮನೆ ಬದಲು. ಮಗು ಶಾಲೆಗೆ ಹೋಗುವ ಹೊತ್ತಿಗೆ ಅರಿವಳಿಕೆ ಡಾಕ್ಟರ ಹೆಸರಲ್ಲಿ 1,140 ಡಾಲರಿನ ನೋಟಿಸ್. "ಅಣ್ಣಾ, ಕಟ್ಟಿಬಿಡ್ಲಾ?" ಅಂದ. ತಡಿಯಪ್ಪಾ ಅಂದೆ. ವಿಚಾರಿಸಿದರೆ, ಡಾಕ್ಟರ ಆಫೀಸು ಕ್ಲೇಮ್ ಕಳಿಸಿದ್ದು ಹಳೇ ಇನ್ಶೂರೆನ್ಸಿಗೆ. ಅದು ವಾಪಸ್ ಬಂದಿದೆ. ಹೊಸ ಇನ್ಶೂರೆನ್ಸ್ ಕಂಪನಿಗೆ ಯಾರೂ ಕಳಿಸಿಯೇ ಇಲ್ಲ. ಕ್ಲೇಮ್ ಕಳಿಸಲೂ ಗಡುವಿರುತ್ತದೆ. ನೆಟ್‌ವರ್ಕ್‌ನೊಳಗಿನ, ಅಂದರೆ ಇನ್ಶೂರೆನ್ಸ್ ಕಂಪನಿಯ ಜೊತೆ ಒಪ್ಪಂದ ಇರುವ ಡಾಕ್ಟರು ಆ ಗಡುವು ತಪ್ಪಿಸಿಕೊಂಡರೆ, ಆ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ರೋಗಿಯ ಹತ್ತಿರ ಕೇಳುವ ಹಾಗಿಲ್ಲ. ಇದನ್ನೇ ಬರೆದು ಕಳಿಸಿದೆವು. ಬಾಕಿ ಸೊನ್ನೆಯಾಯಿತು. ಹುಡುಗ ನನಗೊಂದು ಡಬ್ಬ ಬೆಣ್ಣೆ ಬಿಸ್ಕತ್ತು ಕಳಿಸಿದ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಡಾಕ್ಟರು ನೆಟ್‌ವರ್ಕ್‌ ಹೊರಗಿನವರಾದರೆ, ಅಥವಾ ನೀವು ಕೊಟ್ಟ ಮಾಹಿತಿಯೇ ತಪ್ಪಿದ್ದರೆ, ಲೆಕ್ಕ ಬೇರೆ. ನಿಜವಾಗಿ ನಿಮ್ಮದೇ ಬಾಕಿಯಾದರೆ ಕಟ್ಟಬೇಕು. ಆದರೆ ಮೊದಲು ವಿವರವಾದ ಬಿಲ್ ಕೇಳಿ. ಲಾಭರಹಿತ ಆಸ್ಪತ್ರೆಯಾದರೆ ಆರ್ಥಿಕ ನೆರವಿನ ಅರ್ಜಿ ಕೇಳಿ. ಮೊದಲ ಬಿಲ್ಲಿನಿಂದ ಕನಿಷ್ಠ 240 ದಿನ ಅವರು ಅರ್ಜಿ ತೆಗೆದುಕೊಳ್ಳಬೇಕು. ಚೌಕಾಸಿಯೂ ನಡೆಯುತ್ತದೆ. ಒಪ್ಪಿದ ಮೊತ್ತ ಕಾಗದದಲ್ಲಿ ಬಂದ ಮೇಲೆ ಕಾರ್ಡ್ ತೆಗೆಯಿರಿ.

ಬಂದಿರುವುದು ಏಜೆನ್ಸಿ ಪತ್ರ ಅಲ್ಲ, ಕೋರ್ಟಿನ ಸಮನ್ಸ್ ಅಂತಾದರೆ ಇದ್ಯಾವುದಕ್ಕೂ ಕಾಯಬೇಡಿ. ಉತ್ತರ ಕೊಡಲು ಇರುವ ದಿನಗಳು ಕಡಿಮೆ. ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ, ಆ ರಾಜ್ಯದ ವಕೀಲರ ಹತ್ತಿರ ಹೋಗಿ.