ಕ್ಯಾನನ್: ಯಾವ ಕತೆ ಲೆಕ್ಕಕ್ಕೆ ಬರುತ್ತದೆ?

ಕನ್ನಡದಲ್ಲಿ ‘ಕ್ಯಾನನ್’ ಅಂತ ಬರೆದರೆ ಕೆಲವರಿಗೆ ಫಿರಂಗಿ ನೆನಪಾಗುತ್ತದೆ. ಇನ್ನು ಕೆಲವರಿಗೆ ಮದುವೆ ಮನೆಯಲ್ಲಿ ಫೋಟೋ ತೆಗೆಯುವವರ ಕೊರಳಲ್ಲಿ ಜೋತಾಡುವ ಕ್ಯಾಮೆರಾ. ಈ ಪದಕ್ಕೆ ಮೂರನೆಯ ಅರ್ಥ ಒಂದಿದೆ ಅಂತ ನನಗೆ ಗೊತ್ತಾದದ್ದು ಉಡುಪಿಯ ಕಲ್ಸಂಕದ ಹತ್ತಿರ, ಗೆಳೆಯನ ಮನೆಯ ಚಾವಡಿಯಲ್ಲಿ.

ಮಳೆಗಾಲದ ಭಾನುವಾರಗಳಲ್ಲಿ ನಾವು ನಾಲ್ಕೈದು ಮಂದಿ ಅಲ್ಲಿ ಸೇರಿ ‘ಸ್ಟಾರ್ ಟ್ರೆಕ್’ ನೋಡುತ್ತಿದ್ದೆವು. ಬಾಹ್ಯಾಕಾಶದಲ್ಲಿ ಹಡಗು ಹತ್ತಿ ತಿರುಗುವವರ ಕತೆ ಅದು. ಹಳೆಯ ಧಾರಾವಾಹಿ, ಅದರ ಕಾರ್ಟೂನು, ಆಮೇಲೆ ಬಂದ ಹೊಸವು, ಎಲ್ಲ. ನೋಡುವುದಕ್ಕಿಂತ ಚರ್ಚೆಯೇ ಜಾಸ್ತಿ. ಒಂದು ದಿನ ನಾನು ಕಾರ್ಟೂನಿನ ಯಾವುದೋ ಸಂಗತಿ ಹಿಡಿದುಕೊಂಡು ವಾದ ಮಾಡುತ್ತಿದ್ದೆ. ಗೆಳೆಯ ಒಂದೇ ಮಾತಿನಲ್ಲಿ ಕಡಿದು ಹಾಕಿದ: “ಕಾರ್ಟೂನಿನಲ್ಲಿ ಬಂದದ್ದು ಕ್ಯಾನನ್ ಅಲ್ಲ ಮಾರಾಯ.”

ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅವನ ದೊಡ್ಡಪ್ಪ ತಲೆ ಎತ್ತಿದರು. ಅವರು ತಾಳಮದ್ದಳೆ ಅಂದರೆ ಊಟ ಬಿಟ್ಟು ಹೋಗುವವರು. “ಎಂತದದು ಕ್ಯಾನನ್?” ಅಂತ ಕೇಳಿದರು. ಗೆಳೆಯ ವಿವರಿಸಿದ. ಎರಡು ನಿಮಿಷ ಕೇಳಿ ಅವರು ಹೇಳಿದರು: “ಅಂದ್ರೆ, ನೀನು ಹೇಳುವುದಕ್ಕೆ ಆಧಾರ ಉಂಟಾ ಅಂತ ಕೇಳುವುದು. ಅಷ್ಟೇ ಅಲ್ವಾ?”

ಅಷ್ಟೇ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ದೊಡ್ಡ ಕತೆಯನ್ನು ಹಲವರು, ಹಲವು ವರ್ಷ, ಹಲವು ರೂಪಗಳಲ್ಲಿ ಹೇಳುತ್ತಾರೆ. ಟಿವಿ, ಸಿನಿಮಾ, ಕಾದಂಬರಿ, ಕಾಮಿಕ್ಸ್, ಕಾರ್ಟೂನು. ಇದರಲ್ಲಿ ‘ನಿಜಕ್ಕೂ ನಡೆದದ್ದು’ ಅಂತ ಒಪ್ಪಿಕೊಂಡ ಭಾಗವೇ ಕ್ಯಾನನ್. ಮುಂದೆ ಕತೆ ಬರೆಯುವವರು ಅದನ್ನು ನೆನಪಿಟ್ಟುಕೊಳ್ಳಬೇಕು. ಅದಕ್ಕೆ ವಿರುದ್ಧವಾಗಿ ಬರೆದರೆ ಕಾರಣ ಕೊಡಬೇಕು. ಉಳಿದದ್ದನ್ನು ಬಳಸಬಹುದು, ಬಿಡಬಹುದು, ಯಾರೂ ಕೇಳುವುದಿಲ್ಲ.

ಪದದ ಮೂಲ ಗ್ರೀಕ್. ಅಳತೆಯ ಕೋಲು ಅಂತ ಅದರ ಹಳೆಯ ಅರ್ಥ. ಅಲ್ಲಿಂದ ಅದು ಚರ್ಚಿಗೆ ಬಂತು. ಬೈಬಲ್ಲಿನಲ್ಲಿ ಯಾವ ಪುಸ್ತಕಗಳು ಸೇರಬೇಕು ಅಂತ ತೀರ್ಮಾನಿಸಿದ ಪಟ್ಟಿಗೆ ಕ್ಯಾನನ್ ಅಂತ ಹೆಸರಾಯಿತು. ಚರ್ಚಿನ ಕಾನೂನಿಗೂ ಕ್ಯಾನನ್ ಲಾ ಅನ್ನುತ್ತಾರೆ, ಮಂಗಳೂರಿನ ಕ್ರೈಸ್ತ ಗೆಳೆಯರಿಗೆ ಇದು ಹೊಸ ಪದವೇನಲ್ಲ. ಇದನ್ನು ಕಟ್ಟುಕತೆಗೆ ತಂದವರು ಷರ್ಲಾಕ್ ಹೋಮ್ಸ್ ಅಭಿಮಾನಿಗಳು. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬವರು ಹೋಮ್ಸ್ ಕತೆಗಳನ್ನು ಧರ್ಮಗ್ರಂಥ ಪರಿಶೀಲಿಸುವ ಹಾಗೆ ಪರಿಶೀಲಿಸಿ ಒಂದು ಪ್ರಬಂಧ ಬರೆದರು. ಆಮೇಲೆ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣ ಕತೆಗಳಿಗೆ ಮಾತ್ರ ‘ಕ್ಯಾನನ್’ ಅನ್ನುವ ರೂಢಿ ಬೆಳೆಯಿತು. ಬೇರೆಯವರು ಬರೆದ ಹೋಮ್ಸ್ ಎಷ್ಟೇ ಚೆನ್ನಾಗಿದ್ದರೂ ಆ ಲೆಕ್ಕಕ್ಕೆ ಇಲ್ಲ.

ಈ ಪದದ ಪೂರ್ತಿ ಸ್ವಭಾವ ತಿಳಿಯಬೇಕಾದರೆ ‘ಸ್ಟಾರ್ ಟ್ರೆಕ್’ ಕಾರ್ಟೂನಿನ ಕತೆ ಕೇಳಬೇಕು.

ಮೂಲ ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1969ರಲ್ಲಿ ನಿಂತಿತು. ಒಟ್ಟು 79 ಕಂತು. ನಿಂತ ಮೇಲೆ ಜನರ ಪ್ರೀತಿ ಹೆಚ್ಚಾಯಿತು. 1973ರಲ್ಲಿ ಫಿಲ್ಮೇಷನ್ ಕಂಪೆನಿ ಅದನ್ನು ಕಾರ್ಟೂನಾಗಿ ತಂದಿತು. 1974ರವರೆಗೆ 22 ಕಂತು ಬಂದವು. ಮಕ್ಕಳ ಹೊತ್ತಿನಲ್ಲಿ ಬಂದರೂ ಅದು ಬರೀ ಮಕ್ಕಳಾಟ ಆಗಿರಲಿಲ್ಲ. ಹಡಗಿನ ಕ್ಯಾಪ್ಟನ್ ಕರ್ಕ್, ಬೇರೆ ಗ್ರಹದಿಂದ ಬಂದ ಅಧಿಕಾರಿ ಸ್ಪಾಕ್, ಡಾಕ್ಟರ್ ಮೆಕಾಯ್ ಪಾತ್ರಗಳಿಗೆ ಮೂಲ ಧಾರಾವಾಹಿಯ ನಟರೇ ದನಿ ಕೊಟ್ಟರು. ಖರ್ಚು ಉಳಿಸಲು ಚೆಕಾವ್ ಪಾತ್ರವನ್ನು ಕೈಬಿಟ್ಟರು. ಆ ನಟ ವಾಲ್ಟರ್ ಕೋನಿಗ್ ಒಂದು ಕಂತನ್ನು ಬರೆದುಕೊಟ್ಟರು. ಮೂಲ ಧಾರಾವಾಹಿಗೆ ಬರೆಯುತ್ತಿದ್ದ ಡಿ.ಸಿ. ಫಾಂಟಾನ ಇಲ್ಲಿ ಕತೆಗಳ ಉಸ್ತುವಾರಿ ನೋಡಿಕೊಂಡರು. ಹೊಸ ಪಾತ್ರಗಳೂ ಬಂದವು. ಮೂರು ಕೈ ಮೂರು ಕಾಲಿನ ಆರೆಕ್ಸ್, ಬೆಕ್ಕಿನ ಮೋರೆಯ ಮ್ರೆಸ್. ಇಂಥವರನ್ನು ಆಗಿನ ಕಾಲದಲ್ಲಿ ವೇಷ ಕಟ್ಟಿ ತೋರಿಸುವುದು ಕಷ್ಟ, ಬಿಡಿಸುವುದು ಸುಲಭ. 1975ರಲ್ಲಿ ಈ ಕಾರ್ಟೂನಿಗೆ ಎಮ್ಮಿ ಪ್ರಶಸ್ತಿಯೂ ಬಂತು.

ಇಷ್ಟೆಲ್ಲ ಇದ್ದರೂ ಅದನ್ನು ಹೊರಗಿಟ್ಟರು. 1987ರಲ್ಲಿ ಹೊಸ ಧಾರಾವಾಹಿ ಶುರುವಾಯಿತು. ಅದಾದ ಸ್ವಲ್ಪ ಸಮಯಕ್ಕೆ, ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿ ಅವರ ಕಡೆಯಿಂದ ಕಾರ್ಟೂನು ಲೆಕ್ಕಕ್ಕಿಲ್ಲ ಎಂಬ ಸೂಚನೆ ಬಂತು. ಅನುಮತಿ ಪಡೆದು ಕಾದಂಬರಿ ಬರೆಯುವವರು ಕೂಡ ಅದರ ಸಂಗತಿಗಳನ್ನು ಬಳಸುವ ಹಾಗಿಲ್ಲ ಅಂತಾಯಿತು. ಒಂದು ಮೇಜಿನಿಂದ ಬಂದ ಮಾತು, 22 ಕಂತು ‘ನಡೆದೇ ಇಲ್ಲ’ ಅಂತಾಗಿಬಿಟ್ಟಿತು.

ಆದರೆ ಒಂದು ಕಂತನ್ನು ಯಾರಿಂದಲೂ ಮರೆಯಲು ಆಗಲಿಲ್ಲ. ಫಾಂಟಾನ ಬರೆದ ‘ಯೆಸ್ಟರ್‌ಇಯರ್’. ಸ್ಪಾಕ್ ಕಾಲದಲ್ಲಿ ಹಿಂದಕ್ಕೆ ಹೋಗಿ ಏಳು ವರ್ಷದ ತನ್ನನ್ನೇ ಕಾಪಾಡುವ ಕತೆ. ಹುಡುಗ ಸ್ಪಾಕ್‌ಗೆ ಕರಡಿಯ ಹಾಗಿನ ಒಂದು ಸಾಕುಪ್ರಾಣಿ ಇರುತ್ತದೆ. ಅವನ ತಾಯಿ ಮನುಷ್ಯಳು ಅಂತ ಆ ಗ್ರಹದ ಬೇರೆ ಮಕ್ಕಳ ಅಣಕ. ಕೊನೆಗೆ ಆ ಪ್ರಾಣಿ ಅವನನ್ನು ಉಳಿಸಲು ಹೋರಾಡಿ ವಿಷದ ಗಾಯ ಮಾಡಿಕೊಳ್ಳುತ್ತದೆ. ಬದುಕಿಸಿದರೆ ನೋವು, ಬಿಟ್ಟುಕೊಟ್ಟರೆ ಶಾಂತಿ. ಹುಡುಗ ಬಿಟ್ಟುಕೊಡುತ್ತಾನೆ. 1973ರಲ್ಲಿ, ಮಕ್ಕಳ ಕಾರ್ಟೂನಿನಲ್ಲಿ! ಈ ಸಾಕುಪ್ರಾಣಿಯ ಮಾತು 1967ರ ಮೂಲ ಧಾರಾವಾಹಿಯ ಕಂತೊಂದರಲ್ಲೇ ಬಂದಿತ್ತು. ಅದನ್ನು ಬರೆದವರೂ ಫಾಂಟಾನ ಅವರೇ. ಹಾಗಿರುವಾಗ ಅದು ಲೆಕ್ಕಕ್ಕೆ, ಇದು ಅಲ್ಲ ಅಂದರೆ ನನಗಂತೂ ಒಪ್ಪಲು ಕಷ್ಟ.

ಹೊರಗಿಟ್ಟದ್ದು ಒಂದೊಂದಾಗಿ ಒಳಗೆ ಬಂತು. ಕ್ಯಾಪ್ಟನ್ ಜೇಮ್ಸ್ ಟಿ. ಕರ್ಕ್ ಹೆಸರಿನ ‘ಟಿ’ ಅಂದರೆ ಟೈಬೀರಿಯಸ್ ಅಂತ ಮೊದಲು ಹೇಳಿದ್ದು ಕಾರ್ಟೂನು. 1991ರ ಸಿನಿಮಾದಲ್ಲಿ ಅದೇ ಹೆಸರು ತೆರೆಯ ಮೇಲೆ ಬಂತು. ಇನ್ನೂ ಸ್ವಾರಸ್ಯ ಇದೆ. 1966ರ ಒಂದು ಕಂತಿನಲ್ಲಿ ಕರ್ಕ್ ಹೆಸರಿನ ಸಮಾಧಿ ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಅಂತ ಕೆತ್ತಿದೆ. ಅಂದರೆ ಒಪ್ಪಿತ ಕತೆಯ ಒಳಗೇ ತಪ್ಪು ಉಂಟು, ಹೊರಗಿಟ್ಟ ಕತೆಯಿಂದ ಸರಿಯಾದ ಹೆಸರು ಸಿಕ್ಕಿತು. ಎಂಟರ್‌ಪ್ರೈಸ್ ಹಡಗಿನ ಮೊದಲ ಕ್ಯಾಪ್ಟನ್ ರಾಬರ್ಟ್ ಏಪ್ರಿಲ್ ತೆರೆಗೆ ಬಂದದ್ದು ಕಾರ್ಟೂನಿನ ಕೊನೆಯ ಕಂತಿನಲ್ಲಿ. 2022ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಧಾರಾವಾಹಿಯಲ್ಲಿ ಅದೇ ಹೆಸರಿನ ಅಧಿಕಾರಿ ಬಂದರು. ಮುಖ, ಬಣ್ಣ ಎಲ್ಲ ಬೇರೆ. ವ್ಯಕ್ತಿ ಅವರೇ. ಕ್ಯಾನನ್ ಹಿಡಿದಿಟ್ಟುಕೊಳ್ಳುವುದು ‘ಏನಾಯಿತು’ ಎಂಬುದನ್ನು, ‘ಹೇಗೆ ಕಂಡಿತು’ ಎಂಬುದನ್ನಲ್ಲ ಅಂತ ಆಗ ನಮಗೆ ಹೊಳೆಯಿತು.

ಈಗ ಕಾರ್ಟೂನು ಕೀಳು ಎಂಬ ಮಾತೇ ಹೋಗಿದೆ. 2020ರಲ್ಲಿ ಶುರುವಾದ ‘ಲೋವರ್ ಡೆಕ್ಸ್’ ಪೂರ್ತಿ ಕಾರ್ಟೂನು, ಪೂರ್ತಿ ಕ್ಯಾನನ್. 2023ರಲ್ಲಿ ಅದರ ಎರಡು ಪಾತ್ರಗಳು ಬಿಡಿಸಿದ ಲೋಕದಿಂದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ಗೆ ನಿಜ ಮನುಷ್ಯರಾಗಿ ದಾಟಿ ಬಂದವು. ದನಿ ಕೊಟ್ಟ ನಟರೇ ವೇಷ ಹಾಕಿಕೊಂಡು ಬಂದಿದ್ದರು. ಆ ಕಂತು ನೋಡಿದ ದಿನ ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆವು.

ಎಲ್ಲವೂ ಒಳಗೆ ಬಂತಾ? ಇಲ್ಲ. ಕಾರ್ಟೂನಿನಲ್ಲಿ ಬಾಹ್ಯಾಕಾಶದ ಉಡುಪಿನ ಬದಲು ಸೊಂಟಕ್ಕೊಂದು ಬೆಲ್ಟು. ಅದನ್ನು ಒತ್ತಿದರೆ ಮೈಸುತ್ತ ಹೊಳೆಯುವ ಕವಚ. ಅದೇ ಚಿತ್ರಗಳ ಸುತ್ತ ಬಣ್ಣದ ಗೆರೆ ಎಳೆದರೆ ಕೆಲಸ ಮುಗಿಯಿತು. ಖರ್ಚು ಉಳಿಸುವ ದಾರಿ ಅದು. ಆಮೇಲೆ ಬಂದ ಧಾರಾವಾಹಿಗಳಲ್ಲಿ ಎಲ್ಲರೂ ಪುನಃ ಉಡುಪು ಹಾಕಿಕೊಂಡೇ ಹೊರಗೆ ಹೋದರು. ಬೆಲ್ಟು ತಪ್ಪು ಅಂತ ಯಾರೂ ಹೇಳಲಿಲ್ಲ. ಸುಮ್ನೆ ನೆನಪು ಮಾಡಲಿಲ್ಲ, ಅಷ್ಟೇ.

ದೊಡ್ಡಪ್ಪನವರಿಗೆ ಇದನ್ನೆಲ್ಲ ಹೇಳುವಾಗ ಅವರು ಮಧ್ಯೆ ಮಧ್ಯೆ ತಲೆಯಾಡಿಸುತ್ತಿದ್ದರು. ಆಮೇಲೆ ಸುಧನ್ವನ ಮಾತು ತೆಗೆದರು. ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿದರೂ ಬೇಯದ ಸುಧನ್ವ. ಅರ್ಜುನನ ಎದುರು ನಿಂತ ಸುಧನ್ವ. ವ್ಯಾಸರ ಮಹಾಭಾರತದಲ್ಲಿ ಅವನ ಕತೆ ಇಲ್ಲ, ಅದು ಜೈಮಿನಿ ಭಾರತದ್ದು. ಚಂದ್ರಹಾಸನೂ ಹಾಗೆಯೇ. “ಹಾಗಂತ ಸುಧನ್ವ ಲೆಕ್ಕಕ್ಕಿಲ್ಲ ಅಂತ ನಮ್ಮೂರಿನಲ್ಲಿ ಯಾರಾದರೂ ಹೇಳಿಯಾರಾ?” ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇರುವುದು. ಅದು ಎಲ್ಲರನ್ನೂ ಕಟ್ಟಿಹಾಕುತ್ತದೆ. ಕರ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಬೀಳಲೇಬೇಕು. ಆದರೆ ಪದ್ಯಕ್ಕೆ ಹೇಳುವ ಅರ್ಥ ಆ ರಾತ್ರಿಯದ್ದು. ಒಬ್ಬ ಅರ್ಥಧಾರಿ ಕರ್ಣನ ಬಾಯಲ್ಲಿ ಹೊಸ ಸಮರ್ಥನೆ ತರಬಹುದು. ನಾಳೆ ಇನ್ನೊಬ್ಬ ಕರ್ಣ ಅದನ್ನು ಹೇಳಬೇಕೆಂದಿಲ್ಲ. ಕ್ಯಾನನ್ ಅಂದರೆ ಪದ್ಯ. ಅನುಮತಿ ಪಡೆದ ಕಾದಂಬರಿ, ಕಾಮಿಕ್ಸ್ ಎಲ್ಲ ಅರ್ಥ. ಅರ್ಥ ಪದ್ಯಕ್ಕಿಂತ ಕಡಿಮೆ ಅಂತ ಅಲ್ಲ. ಎಷ್ಟೋ ಜನ ಹೋಗುವುದೇ ಅರ್ಥ ಕೇಳಲು.

ಇದೇ ಬಳಗದ ಎರಡು ಮೂರು ಪದಗಳು ಚರ್ಚೆಯಲ್ಲಿ ಬರುತ್ತಿರುತ್ತವೆ. ‘ಹೆಡ್‌ಕ್ಯಾನನ್’ ಅಂದರೆ ಒಬ್ಬ ಅಭಿಮಾನಿ ತನ್ನ ಮನಸ್ಸಿನಲ್ಲಿ ಹೀಗೇ ಆಗಿರಬೇಕು ಅಂತ ನಂಬಿಕೊಂಡದ್ದು. ನನ್ನ ಹೆಡ್‌ಕ್ಯಾನನ್‌ನಲ್ಲಿ ಸ್ಪಾಕ್ ಆ ಸಾಕುಪ್ರಾಣಿಯನ್ನು ಜೀವನಪೂರ್ತಿ ನೆನೆಯುತ್ತಾನೆ, ಯಾರ ಹತ್ತಿರವೂ ಹೇಳುವುದಿಲ್ಲ. ಇಂಥ ನಂಬಿಕೆ ತುಂಬ ಜನರಿಗೆ ಹರಡಿದರೆ ‘ಫ್ಯಾನನ್’. ‘ರೆಟ್‌ಕಾನ್’ ಅಂದರೆ ಹಿಂದೆ ಹೇಳಿದ್ದನ್ನು ಆಮೇಲೆ ಬಂದ ಕತೆ ತಿದ್ದುವುದು, ಇಲ್ಲವೇ ಅದಕ್ಕೆ ಹೊಸ ಕಾರಣ ಕೊಡುವುದು.

ಬಳಸುವಾಗ ಒಂದು ಎಚ್ಚರ ಬೇಕು. ‘ಕ್ಯಾನನ್ ಅಲ್ಲ’ ಅಂದರೆ ‘ಚೆನ್ನಾಗಿಲ್ಲ’ ಅಂತ ಅರ್ಥ ಅಲ್ಲ. ನಮ್ಮ ಗುಂಪಿನಲ್ಲಿ ಈ ಎರಡನ್ನೂ ಕಲಸಿ ಎಷ್ಟು ಜಗಳ ಆಗಿದೆಯೋ ಲೆಕ್ಕ ಇಲ್ಲ. ಹಾಗೆಯೇ ‘ಕ್ಯಾನನ್ ಬದಲಾಯಿತು’ ಅಂತ ಕೇಳಿದರೆ ಗಾಬರಿ ಬೇಡ. ಕಾರ್ಟೂನಿನ ಡಿವಿಡಿ 2006ರಲ್ಲಿ ಬಂತು. ಆಮೇಲೆ ಅಧಿಕೃತ ಲೆಕ್ಕವೂ ಅದನ್ನು ಪುನಃ ಸೇರಿಸಿಕೊಂಡಿತು. ಆ 22 ಕಂತಿನಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ.

ಆ ಭಾನುವಾರ ನಾವು ಎದ್ದು ಹೊರಡುವ ಹೊತ್ತಿಗೆ ಮಳೆ ಜೋರಾಯಿತು. ದೊಡ್ಡಪ್ಪ ಪೇಪರ್ ಮಡಚಿಟ್ಟು ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. “ಆ ಹುಡುಗ ಮತ್ತೆ ಅವನ ಪ್ರಾಣಿಯದ್ದು ಹೇಳಿದ್ರಲ್ಲ,” ಅಂದರು. “ಅದೊಂದು ಹಾಕಿ ನೋಡುವ.”