ಕೈ ಚಾಚುವ ಮೊದಲು ಕಲಿಸಬೇಕಾದದ್ದು

ಸಮುದಾಯ ಸೇವೆಯ ವೃತ್ತಿ ತರಬೇತಿಗೆ ಸೇರುವ ಪ್ರೌಢಶಾಲೆಯ ಮಕ್ಕಳಲ್ಲಿ ಒಳ್ಳೆಯ ಮನಸ್ಸಿಗೆ ಕೊರತೆ ಇರುವುದಿಲ್ಲ. ಬಹಳಷ್ಟು ತಪ್ಪುಗಳು ಆಗುವುದೂ ಆ ಒಳ್ಳೆಯ ಮನಸ್ಸಿನಿಂದಲೇ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರೊಬ್ಬರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ನಾಲ್ಕೈದು ನಿಮಿಷ ಹಿಡಿಯುತ್ತದೆ ಎನ್ನಿ. ಪಕ್ಕದಲ್ಲಿ ನಿಂತ ಹುಡುಗನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ. ಅರ್ಧ ನಿಮಿಷದಲ್ಲಿ ಎಲ್ಲ ಗುಂಡಿಗಳನ್ನೂ ಹಾಕಿಬಿಡುತ್ತಾನೆ. ದಿನವೂ ಹೀಗೇ ನಡೆದರೆ ಆ ಬೆರಳುಗಳಿಗೆ ಸಿಗಬೇಕಿದ್ದ ಅಭ್ಯಾಸ ತಪ್ಪುತ್ತದೆ, ಬರುತ್ತಿದ್ದ ಕೆಲಸವೂ ಮರೆತುಹೋಗುತ್ತದೆ. ಆದ್ದರಿಂದ ಈ ತರಬೇತಿಯ ಮೊದಲ ಪಾಠ, ‘ಸಹಾಯ ಬೇಕೇ? ಎಲ್ಲಿ ಬೇಕು?’ ಎಂದು ಕೇಳಿ ಉತ್ತರ ಬರುವವರೆಗೆ ಕಾಯುವುದು. ಕತ್ತಿನ ಹತ್ತಿರದ ಒಂದು ಗುಂಡಿ ಹಾಕಿಕೊಡು ಎಂದರೆ ಅದೊಂದನ್ನೇ ಹಾಕಬೇಕು.

ಹಿರಿಯರ ಆರೈಕೆ, ಚಿಕ್ಕಮಕ್ಕಳ ಪಾಲನೆ, ಅಂಗವೈಕಲ್ಯ ಇರುವವರಿಗೆ ಬೆಂಬಲ, ಸಂಕಷ್ಟದಲ್ಲಿ ಇರುವವರನ್ನು ಸರಿಯಾದ ಸೇವೆಗೆ ತಲುಪಿಸುವುದು, ಇವೆಲ್ಲ ಈ ಕ್ಷೇತ್ರದ ಕೆಲಸಗಳು. ಆದರೆ ಹದಿನೈದು, ಹದಿನಾರು ವಯಸ್ಸಿನ ವಿದ್ಯಾರ್ಥಿ ಏನನ್ನು ಮಾಡಕೂಡದು ಎಂಬುದನ್ನೇ ಮೊದಲು ಬರೆದಿಡಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ ಕನಿಷ್ಠ ವಯಸ್ಸಿನ ಒಡಂಬಡಿಕೆ, ಆರೋಗ್ಯಕ್ಕೂ ಸುರಕ್ಷತೆಗೂ ಅಪಾಯ ತರುವ ಕೆಲಸಕ್ಕೆ 18 ವರ್ಷದ ಗಡಿ ಹಾಕಿದೆ. ನಮ್ಮ ಪಟ್ಟಿ ಇನ್ನೂ ಬಿಗಿಯಾಗಿರಲಿ: ಔಷಧಿ ಕೊಡುವಂತಿಲ್ಲ, ಯಾರನ್ನೂ ಎತ್ತಿ ಹಾಸಿಗೆಯಿಂದ ಕುರ್ಚಿಗೆ ಕೂರಿಸುವಂತಿಲ್ಲ, ಸ್ನಾನ ಮತ್ತು ಶೌಚದ ಕೆಲಸಕ್ಕೆ ಇಳಿಯುವಂತಿಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೊಂದಿಗೆ ಒಬ್ಬರೇ ಇರುವಂತಿಲ್ಲ. ಈ ಪಟ್ಟಿ ಪ್ರತಿ ವಿದ್ಯಾರ್ಥಿಯ ಕೈಯಲ್ಲಿ, ಪಾಲಕರ ಬಳಿ, ಸಂಸ್ಥೆಯ ಮೇಲ್ವಿಚಾರಕರ ಮೇಜಿನ ಮೇಲೆ, ಮೂರೂ ಕಡೆ ಇರಬೇಕು. ಸಿಬ್ಬಂದಿ ಕಡಿಮೆ ಇರುವ ದಿನ ‘ಸ್ವಲ್ಪ ಹಿಡ್ಕೋಪ್ಪಾ’ ಎಂದು ಕರೆದಾಗ, ಮಗು ಆ ಹಾಳೆ ತೋರಿಸಿ ಇಲ್ಲ ಎನ್ನುವಂತಿರಬೇಕು. ಹಾಗೆ ಹೇಳುವುದನ್ನೂ ತರಗತಿಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು.

ಹೊರಗಿನ ತರಬೇತಿಗೆ ಕಳಿಸುವ ಮುನ್ನ ತರಗತಿಯಲ್ಲೇ ಮಾಡಿಸಲೇಬೇಕಾದ ಒಂದು ಅಭ್ಯಾಸ, ಊಟ ಮಾಡಿಸುವುದು. ಜೋಡಿಯಾಗಿ ಕೂರಿಸಿ ಒಬ್ಬರಿಗೊಬ್ಬರು ಚಮಚದಲ್ಲಿ ತಿನ್ನಿಸಲಿ. ಮೊದಲ ಸಲ ಏನೂ ಹೇಳಿಕೊಡಬೇಡಿ. ಬಹುತೇಕರು ನಿಂತುಕೊಂಡೇ ತಿನ್ನಿಸುತ್ತಾರೆ, ಚಮಚ ಮೇಲಿನಿಂದ ಬರುತ್ತದೆ, ತಿನ್ನುವವರು ತಲೆ ಹಿಂದಕ್ಕೆ ವಾಲಿಸುತ್ತಾರೆ. ಅಪಾಯ ಇರುವುದು ಇಲ್ಲೇ: ಕುತ್ತಿಗೆ ಹಿಂದಕ್ಕೆ ಬಾಗಿದಾಗ ನುಂಗುವ ಹೊತ್ತಿಗೆ ಶ್ವಾಸನಾಳ ಸರಿಯಾಗಿ ಮುಚ್ಚಿಕೊಳ್ಳುವುದು ಕಷ್ಟ, ತುತ್ತು ಅತ್ತ ಜಾರಬಹುದು. ಎರಡನೆಯ ಸಲ ಸರಿಯಾದ ಕ್ರಮ ತೋರಿಸಿ. ತಿನ್ನುವವರು ನೆಟ್ಟಗೆ ಕೂತಿರಬೇಕು, ಗಲ್ಲ ತುಸು ಕೆಳಗಿರಬೇಕು. ತಿನ್ನಿಸುವವರು ಎದುರಿಗೋ ಪಕ್ಕಕ್ಕೋ ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಅರ್ಧ ಚಮಚ ತುಂಬಿ, ಕೆಳಗಿನಿಂದ ಬಾಯಿಯ ಹತ್ತಿರ ತಂದು, ಅವರೇ ಬಾಯಿ ತೆರೆಯುವವರೆಗೆ ನಿಲ್ಲಬೇಕು. ಗಂಟಲು ಮೇಲೆದ್ದು ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಮುಂದಿನ ತುತ್ತು. ಬಾಯಲ್ಲಿ ಊಟ ಇರುವಾಗ ಪ್ರಶ್ನೆ ಕೇಳಬಾರದು. ಉತ್ತರ ಕೊಡಹೋಗಿ ನೆತ್ತಿಗೇರಿಸಿಕೊಳ್ಳುತ್ತಾರೆ. ಊಟವಾದ ಮೇಲೆ ಕನಿಷ್ಠ 30 ನಿಮಿಷ ಮಲಗಿಸಬಾರದು. ಕೆಮ್ಮು ಬಂದರೆ, ಕಣ್ಣಲ್ಲಿ ನೀರಾಡಿದರೆ, ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ಸಿಬ್ಬಂದಿಯನ್ನು ಕರೆಯಬೇಕು.

ನುಂಗುವ ತೊಂದರೆ ಇದೆ ಎಂದು ಗುರುತಿಸಿದವರಿಗೆ ವಿದ್ಯಾರ್ಥಿಗಳು ತಿನ್ನಿಸಲೇಬಾರದು. ಅಂಥವರ ಊಟ, ಪಾನೀಯ ಎಷ್ಟು ಮಂದ ಇರಬೇಕು, ಎಷ್ಟು ಮೆತ್ತಗಿರಬೇಕು ಎಂದು ಸೂಚಿಸಲು 0ರಿಂದ 7ರವರೆಗಿನ ಒಂದು ಅಂತಾರಾಷ್ಟ್ರೀಯ ಶ್ರೇಣಿ ಇದೆ. ಹಲವು ಸಂಸ್ಥೆಗಳು ಅದರ ಅಂಕಿಯನ್ನು ಹಾಸಿಗೆಯ ಬಳಿ ಬರೆದಿಡುತ್ತವೆ. ಮಂದಗೊಳಿಸಿದ ನೀರನ್ನಷ್ಟೇ ಕುಡಿಯಬೇಕಾದವರು ‘ಬಾಯಾರಿಕೆ’ ಎಂದಾಗ ಕನಿಕರಪಟ್ಟು ಲೋಟದಲ್ಲಿ ಬರೀ ನೀರು ಕೊಟ್ಟುಬಿಟ್ಟರೆ, ಅದು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಈ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ವೀಲ್‌ಚೇರ್ ಪಾಠಕ್ಕೆ ಪ್ರತಿ ವಿದ್ಯಾರ್ಥಿಯೂ ಒಂದು ಪೂರ್ತಿ ಪೀರಿಯಡ್ ಅದರಲ್ಲಿ ಕೂರಲಿ. ಹೇಳದೆ ಕೇಳದೆ ಹಿಂದಿನಿಂದ ಯಾರೋ ತಳ್ಳಿದಾಗ ಎದೆ ಝಲ್ಲೆನ್ನುವುದು ಕೂತವರಿಗಷ್ಟೇ ಗೊತ್ತಾಗುತ್ತದೆ. ಕೂರುವಾಗ, ಏಳುವಾಗ ಎರಡೂ ಬ್ರೇಕ್ ಹಾಕಿರಬೇಕು, ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಚಿರಬೇಕು. ಆ ಹಲಗೆಯ ಮೇಲೆಯೇ ಕಾಲೂರಿ ಎದ್ದರೆ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಕಡಿದಾದ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಬೇಕು. ಒಂದು ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದದ ರ‍್ಯಾಂಪ್ ಎಂಬ ಅಳತೆಯನ್ನು ಟೇಪ್ ಹಿಡಿದು ತಮ್ಮ ಶಾಲೆಯಲ್ಲೇ ಪರೀಕ್ಷಿಸಲಿ. ಕಣ್ಣು ಕಾಣದವರ ಕೈಹಿಡಿದು ಎಳೆಯುವುದೂ ಇಂಥದ್ದೇ ತಪ್ಪು. ನಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು, ಮೆಟ್ಟಿಲು ಬಂದಾಗ ನಿಂತು ಹತ್ತುವುದೋ ಇಳಿಯುವುದೋ ಹೇಳಬೇಕು. ಬಿಟ್ಟು ಹೋಗಬೇಕಾದರೆ ಅವರ ಕೈಗೆ ಗೋಡೆಯೋ ಕುರ್ಚಿಯ ಬೆನ್ನೋ ತಾಗಿರಲಿ.

ಕೈತೊಳೆಯುವ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30. ಹೆಬ್ಬೆರಳು ಮತ್ತು ಉಗುರಿನ ತುದಿ ಹೆಚ್ಚಾಗಿ ಬಿಟ್ಟುಹೋಗುತ್ತವೆ. ಕೈಗವಸು ತೆಗೆದ ಮೇಲೂ ತೊಳೆಯಬೇಕು.

ಮಾತಿನ ತರಬೇತಿಗೆ ಶಾಲೆಗಳು ಕೊಡುವ ಸಮಯ ತೀರಾ ಕಡಿಮೆ. ಮರೆವಿನ ಕಾಯಿಲೆ ಇರುವವರಿಗೆ ಒಮ್ಮೆಗೆ ಒಂದೇ ವಾಕ್ಯ ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಹದಿಹರೆಯದವರಿಗೆ ಮೂರು ಸೆಕೆಂಡ್ ಮೌನವೇ ಮುಳ್ಳು, ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳುತ್ತಾರೆ, ಕೇಳಿಸಿಕೊಂಡವರು ಮೊದಲಿನಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ತೀರಿಹೋದ ತಾಯಿಯನ್ನು ‘ಎಲ್ಲಿ?’ ಎಂದು ಕೇಳಿದರೆ ‘ಅವರು ಸತ್ತುಹೋದರಲ್ಲ’ ಎಂದು ತಿದ್ದುವುದು ಬೇಡ, ಈಗ ಬರುತ್ತಾರೆ ಎನ್ನುವ ಸುಳ್ಳೂ ಬೇಡ. ‘ಅಮ್ಮನ ನೆನಪಾಯಿತಾ? ಅವರ ಬಗ್ಗೆ ಹೇಳಿ’ ಎಂದರೆ ಸಾಕು. ಇನ್ನು, ಎಲ್ಲರನ್ನೂ ಅಜ್ಜ, ಅಜ್ಜಿ ಎನ್ನುವುದು ನಮಗೆ ಪ್ರೀತಿಯಾಗಿ ಕೇಳಿಸಬಹುದು, ಆದರೆ ಹೇಗೆ ಕರೆಯಲಿ ಎಂದು ಅವರನ್ನೇ ಕೇಳಿ. ಬೌದ್ಧಿಕ ಅಂಗವೈಕಲ್ಯ ಇರುವ ಮೂವತ್ತರ ವ್ಯಕ್ತಿಯನ್ನು ‘ನೀನು’ ಎಂದು ಏಕವಚನದಲ್ಲಿ ಮಾತಾಡಿಸುವುದು ಮಾತ್ರ ಮೊದಲ ದಿನವೇ ನಿಲ್ಲಬೇಕು.

ಮಗುವೊಂದು ‘ಯಾರಿಗೂ ಹೇಳಲ್ಲ ಅಂತ ಭಾಷೆ ಕೊಡು’ ಎಂದು ಏನನ್ನೋ ಹೇಳಲು ಹೊರಟರೆ? ಭಾಷೆ ಕೊಡಕೂಡದು. ‘ನಿನಗೆ ಸಹಾಯ ಮಾಡಬಲ್ಲ ದೊಡ್ಡವರೊಬ್ಬರಿಗೆ ಹೇಳಬೇಕಾಗಬಹುದು’ ಎಂದು ಮೊದಲೇ ಹೇಳಿ, ನಂತರ ಕೇಳಿಸಿಕೊಳ್ಳಬೇಕು. ‘ಅವರು ಹೊಡೆದರಾ?’ ಎಂಬಂಥ ಪ್ರಶ್ನೆ ಕೇಳಿದರೆ ಮಗು ಹೌದು ಎಂದುಬಿಡಬಹುದು, ಆಮೇಲೆ ಯಾವುದು ಮಗುವಿನ ಮಾತು, ಯಾವುದು ನಮ್ಮದು ಎಂದು ಬೇರ್ಪಡಿಸಲು ಆಗುವುದಿಲ್ಲ. ಮಗು ಬಳಸಿದ ಪದಗಳನ್ನೇ ಬರೆದು, ಅವತ್ತೇ ನಿಗದಿಯಾದ ವ್ಯಕ್ತಿಗೆ ತಲುಪಿಸಬೇಕು. ಆ ವ್ಯಕ್ತಿ ಯಾರು, ಅವರಿಲ್ಲದಾಗ ಯಾರು ಎಂಬುದು ಮೊದಲ ದಿನವೇ ಗೊತ್ತಿರಬೇಕು. ಕೇಳಿಸಿಕೊಂಡ ವಿದ್ಯಾರ್ಥಿಯೂ 18 ತುಂಬದ ಮಗುವೇ ಎಂಬುದನ್ನು ದೊಡ್ಡವರು ಮರೆಯುತ್ತಾರೆ. ಅವನನ್ನೂ ಅವತ್ತೇ ಕೂರಿಸಿ ಮಾತಾಡಿಸಬೇಕು.

ದಿನಚರಿ ಬರೆಯುವ ಕಲೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ‘ಇವತ್ತು ಅಮ್ಮ ತುಂಬಾ ಸಿಡುಕುತ್ತಿದ್ದರು, ಊಟ ಮಾಡಲಿಲ್ಲ’ ಎಂದು ಒಬ್ಬ ವಿದ್ಯಾರ್ಥಿ ಬರೆದರೆ ಓದಿದವರು ಏನು ಮಾಡಬಲ್ಲರು? ಅದನ್ನೇ ಹೀಗೆ ಬರೆಯಲಿ: ‘ಮಧ್ಯಾಹ್ನ 12:40. ಎರಡು ತುತ್ತು ತಿಂದರು. ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಬೇಡ ಎಂದು ಎರಡು ಬಾರಿ ಹೇಳಿದರು. ಎಡಗೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದರು.’ ಇದನ್ನು ಓದಿದ ನರ್ಸ್ ಹಲ್ಲು ನೋಡುತ್ತಾರೆ. ಕಂಡದ್ದು, ಕೇಳಿದ್ದು, ಗಂಟೆ ಇಷ್ಟೇ ಇರಲಿ. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಮಾಡಬೇಕು, ಅಳಿಸಬಾರದು. ಶಾಲೆಗೆ ಒಯ್ಯುವ ಲಾಗ್‌ಬುಕ್‌ನಲ್ಲಿ ಯಾರ ಹೆಸರೂ ಬರಬಾರದು, ಮೊಬೈಲ್ ಬ್ಯಾಗಿನಲ್ಲೇ ಇರಬೇಕು.

ಎಷ್ಟು ದಿನ, ಹೇಗೆ ಕಳಿಸಬೇಕು? ಹಿರಿಯರ ಕೇಂದ್ರಗಳಿಗೆ ವಾರಕ್ಕೆ ಒಂದು ನಿಗದಿತ ದಿನ ಕಳಿಸುವುದು ಒಳ್ಳೆಯದು. ನಡುವಿನ ದಿನಗಳಲ್ಲಿ ತರಗತಿಯಲ್ಲಿ ಕೂತು ಯೋಚಿಸಲು ಸಮಯ ಸಿಗುತ್ತದೆ. ಪುಟ್ಟಮಕ್ಕಳ ಕೇಂದ್ರಕ್ಕಾದರೆ ಒಂದೆರಡು ವಾರ ಸತತವಾಗಿ ಕಳಿಸಿ, ಏಕೆಂದರೆ ವಾರಕ್ಕೊಮ್ಮೆ ಬಂದು ಹೋಗುವ ಮುಖಕ್ಕೆ ಎಳೆಯ ಮಕ್ಕಳು ಹೊಂದಿಕೊಳ್ಳುವುದಿಲ್ಲ. ಒಂದು ಕಡೆಗೆ ಇಬ್ಬರು ಅಥವಾ ಮೂವರು ಸಾಕು. ಎಂಟು ಜನರನ್ನು ಒಟ್ಟಿಗೆ ಕಳಿಸಿದರೆ ಮೂಲೆಯಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡುತ್ತಾರೆ, ಇಲ್ಲವೇ ಸಂಸ್ಥೆ ಅವರನ್ನು ನೆಲ ಒರೆಸಲು, ಬಟ್ಟೆ ಮಡಚಲು ಹಚ್ಚುತ್ತದೆ. ಆ ಕೆಲಸಗಳೂ ಗೌರವದ್ದೇ, ಆದರೆ ದಿನಪೂರ್ತಿ ಅದೇ ಆದರೆ ತರಬೇತಿ ಎಲ್ಲಿಂದ ಬಂತು? ಕೊನೆಯ ದಿನ ಯಾವುದು ಎಂದು ಪುಟ್ಟಮಕ್ಕಳಿಗೆ ಎರಡು ಮೂರು ದಿನ ಮೊದಲೇ ಹೇಳಿರಲಿ. ‘ಮತ್ತೆ ಬರ್ತೀನಿ’ ಎಂದು ಸಮಾಧಾನಕ್ಕೆ ಹೇಳಿ ಬರದೇ ಹೋಗುವುದು ಅನ್ಯಾಯ.

ಮೌಲ್ಯಮಾಪನಕ್ಕೆ ಲಿಖಿತ ಪರೀಕ್ಷೆ ಸಾಲದು. ಒಂದೇ ಕೌಶಲವನ್ನು ಬೇರೆ ಬೇರೆ ದಿನ, ಬೇರೆ ಬೇರೆ ವ್ಯಕ್ತಿಗಳೊಂದಿಗೆ ಕನಿಷ್ಠ ಮೂರು ಸಲ ನೋಡಬೇಕು. ಸೇವೆ ಪಡೆದವರನ್ನೂ ಕೇಳಬೇಕು. ‘ಆ ಹುಡುಗಿ ಕೇಳಿ ಮಾಡ್ತಾಳೆ’ ಎಂಬ ಒಂದು ಮಾತು ಬಹಳ ತಿಳಿಸುತ್ತದೆ.

ಪ್ರತಿ ಭೇಟಿಯ ನಂತರ ಹದಿನೈದು ನಿಮಿಷ ಕೂತು ಮಾತಾಡುವುದನ್ನು ವೇಳಾಪಟ್ಟಿಯಲ್ಲೇ ಸೇರಿಸಿ, ಬಸ್ಸಿಗೆ ಹೊತ್ತಾಯಿತೆಂದು ಕೈಬಿಡಬೇಡಿ. ಹಿರಿಯರ ಕೇಂದ್ರಕ್ಕೆ ಹೋಗುವ ವಿದ್ಯಾರ್ಥಿಗೆ ತಾನು ಮಾತಾಡಿಸುತ್ತಿದ್ದವರು ತೀರಿಕೊಂಡ ಸುದ್ದಿ ಒಂದಲ್ಲ ಒಂದು ದಿನ ಬರುತ್ತದೆ. ಅಂಥ ಸುದ್ದಿಯನ್ನು ಸಂಸ್ಥೆ ಅವತ್ತೇ ಶಾಲೆಗೆ ತಿಳಿಸಬೇಕೆಂದು ಒಪ್ಪಂದದಲ್ಲೇ ಬರೆಸಿ. ಮುಂದಿನ ಭೇಟಿಗೆ ಮೊದಲು ಶಿಕ್ಷಕರು ಆ ಮಗುವನ್ನು ಪಕ್ಕಕ್ಕೆ ಕರೆದು ತಾವೇ ಹೇಳಬೇಕು, ಆ ವಾರ ಹೋಗುವುದೋ ಬಿಡುವುದೋ ಅವಳ ಇಷ್ಟಕ್ಕೆ ಬಿಡಬೇಕು. ಬಾಗಿಲು ತಳ್ಳಿ ಒಳಗೆ ಹೋಗಿ, ಹೊದಿಕೆ ಮಡಚಿಟ್ಟ ಖಾಲಿ ಹಾಸಿಗೆ ನೋಡಿ ಅವಳಿಗೆ ವಿಷಯ ತಿಳಿಯುವಂತೆ ಆಗಬಾರದು.